ಮಳೆ, ಯುದ್ಧ ಮತ್ತು ನೂರು ವರ್ಷದ ಡೇರೆ

1947ರ ಆಗಸ್ಟ್ ತಿಂಗಳು. ಫ್ರಾನ್ಸಿನ ಸೇನ್ ನದಿ ಬಳಸಿಕೊಂಡು ಹರಿಯುವ ಮ್ವಾಸೋ ಎಂಬ ಪುಟ್ಟ ಊರು. ಊರಾಚೆಯ ಬಯಲಿನಲ್ಲಿ ಕಣ್ಣು ಹಾಯಿಸಿದಷ್ಟು ದೂರ ಡೇರೆಗಳು. ಹಲವು ದೇಶಗಳಿಂದ ಬಂದ 24,000ಕ್ಕೂ ಹೆಚ್ಚು ಸ್ಕೌಟ್ ಬಾಲಕರು ಅಲ್ಲಿ ಬೀಡುಬಿಟ್ಟಿದ್ದರು. ಶಿಬಿರದೊಳಗೆ ಓಡಾಡಲು ಒಂದು ಪುಟ್ಟ ರೈಲೂ ಇತ್ತು. ಎರಡನೇ ಮಹಾಯುದ್ಧ ಮುಗಿದು ಎರಡು ವರ್ಷವಾಗಿತ್ತಷ್ಟೆ. ಆ ಮೇಳಕ್ಕೆ ಫ್ರೆಂಚರು ಇಟ್ಟ ಹೆಸರು ‘ಶಾಂತಿಯ ಜಾಂಬೂರಿ’.

ಅಲ್ಲಿಗೆ ಅವಿಭಜಿತ ಭಾರತದಿಂದಲೂ ಒಂದು ತಂಡ ಹೋಗಿತ್ತು. ಶಿಬಿರ ಶುರುವಾದದ್ದು ಆಗಸ್ಟ್ 9ರಂದು. ಇನ್ನೂ ಒಂದು ವಾರ ಕಳೆದಿರಲಿಲ್ಲ, ಅಷ್ಟರಲ್ಲಿ ಇತ್ತ ದೇಶ ಸ್ವತಂತ್ರವಾಯಿತು, ಎರಡೂ ಆಯಿತು. ಮ್ವಾಸೋ ಬಯಲಿನಲ್ಲಿ ಭಾರತದ ಬಾವುಟವೂ ಹಾರಿತು, ಪಾಕಿಸ್ತಾನದ ಬಾವುಟವೂ ಹಾರಿತು. ಪಾಕಿಸ್ತಾನದ ಹೊಸ ಬಾವುಟವನ್ನು ಕೈಗೆ ಸಿಕ್ಕ ಬಟ್ಟೆಯಿಂದ ಶಿಬಿರದಲ್ಲೇ ಹೊಲಿದರೆಂದು ಅಲ್ಲಿದ್ದವರು ಮುಂದೆ ನೆನೆಯುತ್ತಿದ್ದರು. ಒಂದೇ ತಂಡವಾಗಿ ಹೋದ ಹುಡುಗರು ಎರಡು ದೇಶಗಳ ಪ್ರಜೆಗಳಾಗಿ ಮರಳಿದರು. ಅವರು ಊರು ಸೇರುವ ಹೊತ್ತಿಗೆ ಪಂಜಾಬ್ ಹೊತ್ತಿ ಉರಿಯುತ್ತಿತ್ತು.

‘ಶಾಂತಿಯ ಜಾಂಬೂರಿ’ಯಿಂದ ನೇರವಾಗಿ ವಿಭಜನೆಯ ನಾಡಿಗೆ! ಈ ವಿಪರ್ಯಾಸ ಒಂದು ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ದೇಶ ದೇಶಗಳ ಮಕ್ಕಳನ್ನು ಒಂದು ಬಯಲಿನಲ್ಲಿ ಕೂಡಿಹಾಕಿ, ಹತ್ತು ಹನ್ನೆರಡು ದಿನ ಒಟ್ಟಿಗೆ ಉಣಿಸಿ, ಹಾಡಿಸಿ, ಕುಣಿಸಿ ಕಳುಹಿಸುವ ಈ ಮೇಳಗಳಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ? ಒಂದು ಶತಮಾನಕ್ಕೂ ಹಿಂದೆ ಶುರುವಾದ ವಿಶ್ವ ಸ್ಕೌಟ್ ಜಾಂಬೂರಿಯ ಕಥೆಯಲ್ಲಿ ಇದಕ್ಕೆ ಉತ್ತರ ಹುಡುಕಬಹುದು.

ಗಾಜಿನ ಚಾವಣಿಯ ಕೆಳಗೆ

ಈ ಕಥೆ ಆರಂಭವಾಗುವುದು ಒಬ್ಬ ಸೇನಾಧಿಕಾರಿಯಿಂದ. ರಾಬರ್ಟ್ ಬೇಡನ್ ಪೊವೆಲ್ ಬ್ರಿಟಿಷ್ ಸೇನೆಯಲ್ಲಿದ್ದವರು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಮ್ಯಾಫೆಕಿಂಗ್ ಪಟ್ಟಣವನ್ನು 217 ದಿನಗಳ ಮುತ್ತಿಗೆಯಿಂದ ಕಾಪಾಡಿ ಮನೆಮಾತಾದವರು. 1907ರ ಆಗಸ್ಟ್‌ನಲ್ಲಿ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರ ಶಿಬಿರ ನಡೆಸಿದರು. ಹುಡುಗರಲ್ಲಿ ಕೆಲವರು ಸಿರಿವಂತರ ಶಾಲೆಯವರು, ಕೆಲವರು ದುಡಿಯುವ ವರ್ಗದವರು. ಬೆಳಗಾದರೆ ಅವರನ್ನು ಎಬ್ಬಿಸುತ್ತಿದ್ದುದು ಆಫ್ರಿಕದಿಂದ ತಂದ ಕುಡು ಎಂಬ ಜಿಂಕೆ ಜಾತಿಯ ಪ್ರಾಣಿಯ ಕೊಂಬಿನ ಕಹಳೆ. ಮರುವರ್ಷ ಬೇಡನ್ ಪೊವೆಲ್ ಅವರ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಪುಸ್ತಕ ಹೊರಬಂತು. ಮುಂದೆ ಕೆಲವೇ ವರ್ಷಗಳಲ್ಲಿ ಚಳವಳಿ ಸಮುದ್ರ ದಾಟಿ ಹಬ್ಬಿತು.

ಆಮೇಲೆ ಮೊದಲ ಮಹಾಯುದ್ಧ ಬಂತು. ಸ್ಕೌಟ್‌ಗಳಾಗಿ ಬೆಳೆದ ತರುಣರು ಬಂದೂಕು ಹಿಡಿದು ಕಂದಕಗಳಿಗೆ ಇಳಿದರು. ಅನೇಕರು ಮರಳಲಿಲ್ಲ. ಯುದ್ಧ ಮುಗಿದು ಎರಡು ವರ್ಷ ತುಂಬುವ ಮೊದಲೇ, 1920ರ ಜುಲೈ 30ರಂದು, ಲಂಡನ್ನಿನ ಒಲಿಂಪಿಯಾ ಸಭಾಂಗಣದಲ್ಲಿ ಮೊದಲ ವಿಶ್ವ ಜಾಂಬೂರಿ ನೆರೆಯಿತು. 34 ದೇಶಗಳ ಸುಮಾರು 8,000 ಸ್ಕೌಟ್‌ಗಳು ಬಂದಿದ್ದರು. ಗಾಜಿನ ಚಾವಣಿಯ ಆ ಭಾರಿ ಕಟ್ಟಡದ ನೆಲಕ್ಕೆ ಮಣ್ಣು ತುಂಬಿಸಿ, ಅದರ ಮೇಲೆ ಡೇರೆ ಹೂಡಿ ಪ್ರದರ್ಶನ ನಡೆಸಿದರು. ದೂರದ ನಾಡಿನವರು ಆನೆಮರಿ, ಮೊಸಳೆಮರಿ, ಸಿಂಹದ ಮರಿಗಳನ್ನೂ ಕರೆತಂದಿದ್ದರಂತೆ!

‘ಜಾಂಬೂರಿ’ ಎಂಬ ಪದ ಎಲ್ಲಿಂದ ಬಂತೆಂಬುದಕ್ಕೆ ಖಚಿತ ಉತ್ತರವಿಲ್ಲ. ಆ ಹೆಸರೇ ಏಕೆ ಎಂದು ಕೇಳಿದವರಿಗೆ ಬೇಡನ್ ಪೊವೆಲ್, ಇನ್ನೇನೆಂದು ಕರೆಯಬೇಕಿತ್ತು ಎಂದು ಮರುಪ್ರಶ್ನೆ ಹಾಕುತ್ತಿದ್ದರೆಂದು ಹೇಳುವುದುಂಟು. ನಮ್ಮವರಾಗಿದ್ದರೆ ‘ಜಾತ್ರೆ’ ಎಂದು ಕರೆದು ಸುಮ್ಮನಾಗುತ್ತಿದ್ದರೇನೋ.

ಹಲವು ಸಾವಿರ ಹುಡುಗರು ತಂಗಿದ್ದುದು ರಿಚ್ಮಂಡ್‌ನ ಓಲ್ಡ್ ಡೀರ್ ಪಾರ್ಕಿನಲ್ಲಿ. ಒಂದು ರಾತ್ರಿ ಪಕ್ಕದ ಥೇಮ್ಸ್ ನದಿ ಉಕ್ಕಿ ನೀರು ಶಿಬಿರಕ್ಕೆ ನುಗ್ಗಿತು. ಜಾಂಬೂರಿಗೂ ನೀರಿಗೂ ಗಂಟುಬಿದ್ದದ್ದು ಹೀಗೆ, ಮೊದಲ ಮೇಳದಲ್ಲೇ. ಸಮಾರೋಪದ ದಿನ ನೆರೆದ ಬಾಲಕರೆಲ್ಲ ಸೇರಿ ಬೇಡನ್ ಪೊವೆಲ್ ಅವರನ್ನು ‘ವಿಶ್ವದ ಮುಖ್ಯ ಸ್ಕೌಟ್’ ಎಂದು ಘೋಷಿಸಿದರು. ಯುದ್ಧದಿಂದ ಹೆಸರು ಮಾಡಿದ ಸೇನಾನಿಗೆ ಶಾಂತಿಯ ಕೆಲಸ ಹೆಗಲೇರಿತು.

ಕೆಸರು, ಕಾರು ಮತ್ತು ಭುಜಪಟ್ಟಿ

ಎರಡನೆಯ ಜಾಂಬೂರಿ 1924ರಲ್ಲಿ ಡೆನ್ಮಾರ್ಕಿನ ಎರ್ಮೆಲುಂಡೆನ್‌ನಲ್ಲಿ ನಡೆಯಿತು. ಸಭಾಂಗಣ ಬಿಟ್ಟು ಬಯಲಿಗೆ ಬಂದ ಮೊದಲ ಮೇಳವದು. ಅಲ್ಲಿ ದೇಶ ದೇಶಗಳ ನಡುವೆ ಅಂಕಗಳ ಪೈಪೋಟಿಯೂ ಇತ್ತು. ಸ್ನೇಹಕ್ಕೆಂದು ಕರೆದ ಕಡೆ ಗೆದ್ದವರು, ಸೋತವರು ಏಕೆ ಬೇಕು? ಮುಂದಿನ ದಿನಗಳಲ್ಲಿ ಆ ಪದ್ಧತಿ ಕಾಣೆಯಾಯಿತು.

ಮೂರನೆಯದು 1929ರಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್ ಬಳಿಯ ಆರೋ ಪಾರ್ಕಿನಲ್ಲಿ. ಚಳವಳಿಗೆ ಇಪ್ಪತ್ತೊಂದು ವರ್ಷ ತುಂಬಿದ ಸಂಭ್ರಮ; 30,000ಕ್ಕೂ ಹೆಚ್ಚು ಮಂದಿ ಬಂದಿದ್ದರು. ಮಳೆಯೂ ಬಂತು! ದಿನಗಟ್ಟಲೆ ಸುರಿದು ಬಯಲೆಲ್ಲ ಕೆಸರುಗದ್ದೆಯಾಯಿತು. ಹುಡುಗರು ಆ ಕೆಸರಿನಲ್ಲೇ ಅಡುಗೆ ಮಾಡಿದರು, ಕೆಸರಿನಲ್ಲೇ ಕುಣಿದರು.

ಬೇಡನ್ ಪೊವೆಲ್ ಅವರಿಗೆ ಲಾರ್ಡ್ ಪದವಿ ಬಂದ ಸುದ್ದಿ ಹೊರಬಿದ್ದದ್ದೂ ಅಲ್ಲೇ. ಜಗತ್ತಿನ ಸ್ಕೌಟ್‌ಗಳು ಬಿಡಿಗಾಸು ಕೂಡಿಸಿ ಅವರಿಗೆ ಒಂದು ರೋಲ್ಸ್ ರಾಯ್ಸ್ ಕಾರು ಮತ್ತು ಹಿಂದೆ ಎಳೆದೊಯ್ಯುವ ಒಂದು ಕ್ಯಾರವಾನ್ ಕೊಟ್ಟರು. ಜಾಂಬೂರಿಯ ‘ಜ್ಯಾಮ್’, ರೋಲ್ಸ್‌ನ ‘ರೋಲ್’ ಕೂಡಿಸಿ ಕಾರಿಗೆ ಇಟ್ಟ ಅಡ್ಡಹೆಸರು ‘ಜ್ಯಾಮ್ ರೋಲ್’, ಅಂದರೆ ತಿನ್ನುವ ತಿನಿಸು! ನಿಮಗೇನು ಬೇಕೆಂದು ಮೊದಲೇ ಗುಟ್ಟಾಗಿ ಕೇಳಿಸಿದಾಗ ಅವರು, ಪ್ಯಾಂಟಿಗೆ ಹಾಕುವ ಭುಜಪಟ್ಟಿ ಹಳತಾಗಿದೆ, ಅದೊಂದು ಸಾಕು ಎಂದಿದ್ದರಂತೆ. ಕಾರಿನ ಜೊತೆಗೆ ಭುಜಪಟ್ಟಿಯೂ ಬಂತು.

ಬೀಳ್ಕೊಡುವ ದಿನ ಅವರು ಒಂದು ಕೊಡಲಿಯನ್ನು ಹುಗಿದರು. ಅದು ದ್ವೇಷದ, ಯುದ್ಧದ ಕೊಡಲಿ ಎಂದು ಸಾರಿದರು. ಬದಲಿಗೆ ಬಂದ ದೇಶಗಳಿಗೆಲ್ಲ ಚಿನ್ನದ ಬಣ್ಣದ ಬಾಣವನ್ನು ಶಾಂತಿಯ ಗುರುತಾಗಿ ಕೊಟ್ಟು ಕಳುಹಿಸಿದರು. ಹುಗಿದ ಕೊಡಲಿ ನೆಲದಲ್ಲಿ ಉಳಿದದ್ದು ಬರೇ ಹತ್ತು ವರ್ಷ.

ಬಿಳಿ ಜಿಂಕೆಯ ನಾಡು

1933ರಲ್ಲಿ ನಾಲ್ಕನೆಯ ಜಾಂಬೂರಿಗೆ ಹಂಗೇರಿ ಆತಿಥ್ಯ ವಹಿಸಿತು. ಗೊಡೊಲ್ಲೊ ಎಂಬಲ್ಲಿ ರಾಜರ ಕಾಲದ ಕಾಡಿನಲ್ಲಿ ಸುಮಾರು 26,000 ಹುಡುಗರು ಸೇರಿದರು. ಹಂಗೇರಿಯ ಪುರಾಣದ ಬಿಳಿ ಜಿಂಕೆ ಅದರ ಲಾಂಛನವಾಗಿತ್ತು. ಆಗ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೇರಿ ಆರು ತಿಂಗಳಾಗಿತ್ತು. ಅಲ್ಲಿ ಸ್ಕೌಟ್ ಸಂಘಗಳನ್ನು ಮುಚ್ಚಿಸಿ ಹುಡುಗರನ್ನು ‘ಹಿಟ್ಲರ್ ಯೂತ್’ಗೆ ತಳ್ಳುವ ಕೆಲಸ ನಡೆದಿತ್ತು.

ಗೊಡೊಲ್ಲೊ ಶಿಬಿರದ ಮುಖ್ಯಸ್ಥರಾಗಿದ್ದವರು ಕೌಂಟ್ ಪಾಲ್ ಟೆಲೆಕಿ. ಭೂಗೋಳ ವಿದ್ವಾಂಸ, ರಾಜಕಾರಣಿ. ಮುಂದೆ ಅವರು ಹಂಗೇರಿಯ ಪ್ರಧಾನಿಯಾದರು. 1940ರ ಡಿಸೆಂಬರಿನಲ್ಲಿ ನೆರೆಯ ಯುಗೊಸ್ಲಾವಿಯದೊಡನೆ ಅವರ ಸರ್ಕಾರ ಸ್ನೇಹ ಒಪ್ಪಂದ ಮಾಡಿಕೊಂಡಿತು. ನಾಲ್ಕೇ ತಿಂಗಳಲ್ಲಿ ಅದೇ ನೆರೆಯವರ ಮೇಲೆ ದಂಡೆತ್ತಿ ಹೋಗಲು ಜರ್ಮನಿಗೆ ಹಂಗೇರಿ ಕೈಜೋಡಿಸಬೇಕಾಯಿತು. 1941ರ ಏಪ್ರಿಲ್ 3ರಂದು ಟೆಲೆಕಿ ತಮ್ಮನ್ನೇ ಗುಂಡಿಕ್ಕಿಕೊಂಡು ಸತ್ತರು. ಕೊಟ್ಟ ಮಾತಿಗೆ ತಪ್ಪಿದೆವೆಂದು ಪತ್ರ ಬರೆದಿಟ್ಟಿದ್ದರು. ಹಾಗೆಂದು ಅವರನ್ನು ಬರೇ ಹುತಾತ್ಮರ ಸಾಲಿಗೆ ಸೇರಿಸಲಾಗದು. ಯಹೂದಿ ವಿರೋಧಿ ಕಾನೂನುಗಳನ್ನು ತಂದ ಸರ್ಕಾರದ ಮುಖ್ಯಸ್ಥರೂ ಅವರೇ. ಎಲ್ಲರ ಮಿತ್ರನಾಗಿರಬೇಕೆಂಬ ಸ್ಕೌಟ್ ನಿಯಮ ಕಾಡಿನ ಶಿಬಿರದಲ್ಲಿ ಸುಲಭ, ಪ್ರಧಾನಿಯ ಕುರ್ಚಿಯಲ್ಲಿ ಕಷ್ಟ.

ಐದನೆಯ ಜಾಂಬೂರಿ 1937ರಲ್ಲಿ ನೆದರ್ಲೆಂಡ್ಸಿನ ಫೋಗೆಲೆನ್‌ಜಾಂಗ್‌ನಲ್ಲಿ. ಬೇಡನ್ ಪೊವೆಲ್ ಅವರಿಗೆ ಎಂಬತ್ತು ವರ್ಷ. ಇದೇ ತಮ್ಮ ಕೊನೆಯ ಜಾಂಬೂರಿ ಎಂಬುದನ್ನು ಅರಿತೇ ಅವರು ಹುಡುಗರಿಗೆ ವಿದಾಯ ಹೇಳಿದರು. ಮೂರು ವರ್ಷ ತುಂಬುವ ಮೊದಲೇ ಜರ್ಮನ್ ಸೇನೆ ಆ ನೆಲವನ್ನು ಆಕ್ರಮಿಸಿತು. 1941ರಲ್ಲಿ ಅಲ್ಲಿ ಸ್ಕೌಟ್ ಸಂಸ್ಥೆಯೇ ನಿಷೇಧವಾಯಿತು. ಅದೇ ವರ್ಷದ ಜನವರಿ 8ರಂದು ಬೇಡನ್ ಪೊವೆಲ್ ಕೆನ್ಯಾದ ನ್ಯೇರಿಯಲ್ಲಿ ತೀರಿಕೊಂಡಿದ್ದರು.

ಬಾಗಿಲು ಯಾರಿಗೆ ತೆರೆದಿತ್ತು?

ಇಲ್ಲಿ ಒಂದು ಕಹಿ ಪ್ರಸಂಗವನ್ನು ನೆನೆಯಲೇಬೇಕು. ಭಾರತದಲ್ಲಿ ಸ್ಕೌಟ್ ಚಳವಳಿ ಮೊದಲು ಕಾಲಿಟ್ಟದ್ದು ನಮ್ಮ ಬೆಂಗಳೂರಿನಲ್ಲಿ. 1909ರಲ್ಲಿ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಮೊದಲ ದಳ ಕಟ್ಟಿದರು. ಆದರೆ ಆ ದಿನಗಳಲ್ಲಿ ಅಧಿಕೃತ ದಳಗಳಿಗೆ ಪ್ರವೇಶವಿದ್ದುದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಈ ದೇಶದ ಮಕ್ಕಳಿಗೆ ಬಾಗಿಲು ಮುಚ್ಚಿತ್ತು. ಆಳುವವರಿಗೆ, ಸಂಘಟಿತರಾಗಿ ಕವಾಯತು ಕಲಿತ ಭಾರತೀಯ ಹುಡುಗರು ನಾಳೆ ಏನು ಮಾಡಿಯಾರೋ ಎಂಬ ಅಳುಕು.

ಒಳಗೆ ಬಿಡದಿದ್ದರೇನಂತೆ, ನಮ್ಮದೇ ಡೇರೆ ಹಾಕೋಣ ಎಂದರು ಕೆಲವರು. 1917ರಲ್ಲಿ ಮದ್ರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಜಿ.ಎಸ್. ಅರುಂಡೇಲ್ ‘ಇಂಡಿಯನ್ ಬಾಯ್ ಸ್ಕೌಟ್ಸ್’ ಸಂಸ್ಥೆ ಕಟ್ಟಿದರು. ಅತ್ತ ಅಲಹಾಬಾದಿನಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ‘ಸೇವಾ ಸಮಿತಿ’ ಸ್ಕೌಟ್‌ಗಳನ್ನು ಬೆಳೆಸಿದರು. ಒಲಿಂಪಿಯಾದಲ್ಲಿ ವಿಶ್ವ ಸೋದರತ್ವದ ಮಾತು ಮೊಳಗಿದ ಮರುವರ್ಷ, 1921ರಲ್ಲಿ, ಬೇಡನ್ ಪೊವೆಲ್ ಭಾರತಕ್ಕೆ ಬಂದರು. ಆ ಹೊತ್ತಿಗೆ ನಿರ್ಬಂಧ ಸಡಿಲವಾಯಿತು, ಬೆಸೆಂಟ್ ಅವರ ಸಂಸ್ಥೆ ಅಧಿಕೃತ ಸಂಘದೊಡನೆ ಸೇರಿತು. ಸೇವಾ ಸಮಿತಿಯವರು ಮಾತ್ರ ಹೊರಗೇ ಉಳಿದರು.

1937ರ ಆರಂಭದಲ್ಲಿ ದೆಹಲಿಯ ಅಖಿಲ ಭಾರತ ಜಾಂಬೂರಿಗೆ ಬೇಡನ್ ಪೊವೆಲ್ ಮತ್ತೆ ಬಂದರು. ಭಾರತೀಯರ ನಡತೆಯ ಬಗ್ಗೆ ಅವರು ಆಡಿದರೆಂದು ವರದಿಯಾದ ಹಗುರ ಮಾತು ಇಲ್ಲಿ ಕಿಚ್ಚು ಹಚ್ಚಿತು. ಅನೇಕ ದಳಗಳು ಹೊರನಡೆದವು. 1938ರಲ್ಲಿ ‘ಹಿಂದೂಸ್ಥಾನ್ ಸ್ಕೌಟ್ಸ್’ ಹುಟ್ಟಿತು. ಈ ಒಡಕು ಕೂಡಿದ್ದು ಸ್ವಾತಂತ್ರ್ಯದ ನಂತರ. 1950ರ ನವೆಂಬರ್ 7ರಂದು ಸಂಘಗಳು ಒಂದಾಗಿ ‘ಭಾರತ್ ಸ್ಕೌಟ್ಸ್’ ಆಯಿತು. ಮರುವರ್ಷ ಗೈಡ್ಸ್ ಕೂಡ ಸೇರಿ, ಇಂದು ನಮ್ಮ ಶಾಲೆಗಳಲ್ಲಿರುವ ‘ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್’ ರೂಪುಗೊಂಡಿತು.

ಹೆಣ್ಣುಮಕ್ಕಳ ಕಥೆಯೂ ಹೆಚ್ಚು ಬೇರೆಯಲ್ಲ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ನಡೆದ ಮೇಳಕ್ಕೆ ಕೆಲವು ಹುಡುಗಿಯರು ಕರೆಯದೇ ಬಂದು, ತಾವೂ ಸ್ಕೌಟ್‌ಗಳೇ ಎಂದು ನಿಂತರು. ಮರುವರ್ಷ ‘ಗರ್ಲ್ ಗೈಡ್ಸ್’ ಹುಟ್ಟಿತು. ಆದರೆ ವಿಶ್ವ ಜಾಂಬೂರಿ ಬಹುಕಾಲ ಹುಡುಗರ ಮೇಳವಾಗಿಯೇ ಉಳಿದಿತ್ತು. ಇಂದು ಅಲ್ಲಿ ಇಬ್ಬರೂ ಡೇರೆ ಹಾಕುತ್ತಾರೆ. ಬಾಗಿಲು ತಾನಾಗಿ ತೆರೆದದ್ದಕ್ಕಿಂತ, ಹೊರಗೆ ನಿಂತವರು ತಟ್ಟಿ ತೆರೆಸಿದ್ದೇ ಹೆಚ್ಚು.

ಮ್ಯಾರಥಾನ್ ತಲುಪದ ತಂಡ

ಯುದ್ಧಾನಂತರ ಮೇಳ ಮತ್ತೆ ಬೆಳೆಯಿತು. 1951ರಲ್ಲಿ ಆಸ್ಟ್ರಿಯದ ಬಾಡ್ ಇಷ್ಲ್‌ನಲ್ಲಿ ಏಳನೆಯ ಜಾಂಬೂರಿ ನಡೆದಾಗ ಆ ದೇಶ ಇನ್ನೂ ಯುದ್ಧ ಗೆದ್ದ ನಾಲ್ಕು ರಾಷ್ಟ್ರಗಳ ಹಿಡಿತದಲ್ಲಿತ್ತು. ಅಲ್ಲಿಗೆ ಜರ್ಮನಿಯ ಸ್ಕೌಟ್‌ಗಳೂ ಬಂದರು. ಹತ್ತು ವರ್ಷದ ಹಿಂದೆ ಯಾರ ಮನೆಗಳ ಮೇಲೆ ಯಾರು ಬಾಂಬು ಹಾಕುತ್ತಿದ್ದರೋ, ಅವರ ಮಕ್ಕಳು ಒಂದೇ ಬೆಂಕಿಯ ಸುತ್ತ ಕುಳಿತರು. 1955ರಲ್ಲಿ ಕೆನಡಾ, ಯುರೋಪಿನ ಹೊರಗೆ ಮೊದಲ ಬಾರಿ. 1959ರಲ್ಲಿ ಫಿಲಿಪೀನ್ಸಿನ ಮಕಿಲಿಂಗ್ ಬೆಟ್ಟ, ಏಷ್ಯಾದಲ್ಲಿ ಮೊದಲ ಬಾರಿ.

ಅತಿಥಿಗಳನ್ನು ಹಾಗೆ ಬರಮಾಡಿಕೊಂಡಿದ್ದ ಫಿಲಿಪೀನ್ಸಿಗೆ ಮುಂದಿನ ಮೇಳ ದುಃಖ ತಂದಿತು. 1963ರಲ್ಲಿ ಗ್ರೀಸಿನ ಮ್ಯಾರಥಾನ್‌ನಲ್ಲಿ ಹನ್ನೊಂದನೆಯ ಜಾಂಬೂರಿ. ಅಲ್ಲಿಗೆ ಹೊರಟಿದ್ದ ಫಿಲಿಪೀನ್ಸಿನ ಸ್ಕೌಟ್‌ಗಳಿದ್ದ ವಿಮಾನ ಜುಲೈ 28ರಂದು ಬೊಂಬಾಯಿಯಲ್ಲಿ ಇಳಿಯಬೇಕಿತ್ತು. ಇಳಿಯುವ ಮುನ್ನ ಅದು ಅರಬ್ಬಿ ಸಮುದ್ರಕ್ಕೆ ಬಿತ್ತು. ವಿಮಾನದಲ್ಲಿದ್ದ 63 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಹುಡುಗರು, ನಾಯಕರು ಸೇರಿ ಸ್ಕೌಟ್ ತಂಡದ 24 ಮಂದಿ ಅದರಲ್ಲಿದ್ದರು. ಮನಿಲಾಕ್ಕೆ ಹೊಂದಿಕೊಂಡ ಕೆಜೋನ್ ಸಿಟಿಯಲ್ಲಿ ಇಂದು ಹಲವು ರಸ್ತೆಗಳ ಹೆಸರು ‘ಸ್ಕೌಟ್’ ಎಂದೇ ಶುರುವಾಗುತ್ತದೆ. ಮುಂದಿರುವುದು ಅಂದು ತೀರಿಕೊಂಡವರ ಹೆಸರು. ಬೀದಿಯಲ್ಲಿ ಆಟೊ ಹಿಡಿಯುವವರ ಬಾಯಲ್ಲಿ ಆ ಹುಡುಗರು ದಿನವೂ ಬಂದುಹೋಗುತ್ತಾರೆ.

ಗಾಳಿ ಮಳೆಯ ಕಾಟವೂ ತಪ್ಪಲಿಲ್ಲ. 1971ರಲ್ಲಿ ಜಪಾನಿನ ಫ್ಯೂಜಿ ಪರ್ವತದ ತಪ್ಪಲಿನ ಶಿಬಿರಕ್ಕೆ ಚಂಡಮಾರುತ ಬಡಿದು ಹುಡುಗರನ್ನು ಬೇರೆಡೆಗೆ ಸಾಗಿಸಬೇಕಾಯಿತು. 1979ರ ಜಾಂಬೂರಿ ಇರಾನಿನ ನಿಶಾಪುರದಲ್ಲಿ ನಡೆಯಬೇಕಿತ್ತು. ಅಲ್ಲಿ ಕ್ರಾಂತಿಯಾಗಿ ಷಾ ಆಳ್ವಿಕೆ ಉರುಳಿತು, ಮೇಳ ರದ್ದಾಯಿತು. ಇತ್ತ, 1948ರಲ್ಲಿ ಕಮ್ಯುನಿಸ್ಟ್ ಆಡಳಿತದಲ್ಲಿ ಕಣ್ಮರೆಯಾಗಿದ್ದ ಹಂಗೇರಿಯ ಸ್ಕೌಟ್ ಸಂಸ್ಥೆ 1990ರಲ್ಲಿ ವಿಶ್ವ ಸಂಸ್ಥೆಗೆ ಮರಳಿತು. ಬಿಳಿ ಜಿಂಕೆಯ ನಾಡು ತಾನು ಕಟ್ಟಿದ ಮೇಳಕ್ಕೆ ಮತ್ತೆ ಬರಲು ಅರ್ಧ ಶತಮಾನವೇ ಬೇಕಾಯಿತು.

ಅದಲುಬದಲು

ಇಷ್ಟಕ್ಕೂ ಜಾಂಬೂರಿಯಲ್ಲಿ ಮಾಡುವುದೇನು? ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಈ ಮೇಳಕ್ಕೆ 14ರಿಂದ 17 ವರ್ಷದವರು ಬರುತ್ತಾರೆ. ಒಂಬತ್ತು ಮಕ್ಕಳ ಒಂದು ಪೆಟ್ರೋಲ್, ಅಂಥ ನಾಲ್ಕು ಸೇರಿ 36 ಮಕ್ಕಳು, ಜೊತೆಗೆ ನಾಲ್ವರು ಹಿರಿಯರು. ಇದು ಒಂದು ಘಟಕ. ಡೇರೆ ಹಾಕುವುದು, ಸೌದೆ ನೀರು ಹೊಂದಿಸುವುದು, ಅಡುಗೆ ಎಲ್ಲ ಅವರದೇ. ಪಕ್ಕದ ಡೇರೆಯವರು ಯಾವ ದೇಶದವರಾದರೂ ಆಗಿರಬಹುದು. ಉಪ್ಪು ಮುಗಿದರೆ ಅವರ ಬಳಿಗೇ ಹೋಗಬೇಕು. ಭಾಷೆ ಬರದಿದ್ದರೆ ಕೈಸನ್ನೆ.

ಪರಸ್ಪರ ಕಂಡಾಗ ಸ್ಕೌಟ್‌ಗಳು ಎಡಗೈ ಕುಲುಕುತ್ತಾರೆ. ಎಡಗೈ ಚಾಚಿದರೆ ಹಿರಿಯರಿಂದ ಗದರಿಸಿಕೊಳ್ಳುವ ನಮ್ಮ ಮಕ್ಕಳಿಗೆ ಇದೇ ಮೊದಲ ಪಾಠ: ಊರೊಂದು ಕಡೆ ಸಲ್ಲದ್ದು ಇನ್ನೊಂದು ಕಡೆ ಗೌರವವಾಗಬಹುದು.

ಎಲ್ಲಕ್ಕಿಂತ ಭರ್ಜರಿಯಾಗಿ ನಡೆಯುವುದು ಅದಲುಬದಲು ವ್ಯಾಪಾರ. ನೆಲದ ಮೇಲೆ ಟವೆಲ್ ಹಾಸಿ, ತಮ್ಮ ದೇಶದ ಬ್ಯಾಡ್ಜು, ಸ್ಕಾರ್ಫು, ಟೋಪಿಗಳನ್ನು ಹರಡಿಕೊಂಡು ಹುಡುಗರು ಕೂರುತ್ತಾರೆ. ಹಣದ ಮಾತಿಲ್ಲ. ನಿನ್ನದು ಕೊಡು, ನನ್ನದು ತಗೋ. ಚೌಕಾಸಿ ಮಾಡುತ್ತ ಮಾಡುತ್ತ ಹೆಸರು, ಊರು, ಮನೆಯ ಸುದ್ದಿ ಬರುತ್ತದೆ. ಯೋಜಕರು ಬರೆದ ಘೋಷಣೆಗಳು ಮರೆತುಹೋದರೂ ಆ ಬ್ಯಾಡ್ಜು ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ.

ನಮ್ಮ ರಾಜ್ಯದಲ್ಲಿ ಇಂಥದ್ದರ ರುಚಿ ಕಂಡದ್ದು 2022ರ ಡಿಸೆಂಬರ್ 21ರಿಂದ 27ರವರೆಗೆ ಮೂಡುಬಿದಿರೆಯಲ್ಲಿ ನಡೆದ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯಲ್ಲಿ. ಅದು ವಿಶ್ವ ಜಾಂಬೂರಿಯ ಸಾಲಿನದಲ್ಲ. ಆದರೂ ಹಲವು ರಾಜ್ಯಗಳ, ಕೆಲವು ಹೊರದೇಶಗಳ ಮಕ್ಕಳು ವಿದ್ಯಾಗಿರಿಯಲ್ಲಿ ಒಂದು ವಾರ ಒಟ್ಟಿಗಿದ್ದರು.

ಕೊರಿಯದ ಬಯಲಿನ ಪಾಠ

2007ರಲ್ಲಿ ಚಳವಳಿಗೆ ನೂರು ತುಂಬಿದಾಗ ಇಂಗ್ಲೆಂಡಿನ ಚೆಲ್ಮ್ಸ್‌ಫರ್ಡ್‌ನಲ್ಲಿ ಸುಮಾರು 40,000 ಮಂದಿ ಸೇರಿದರು. 2015ರಲ್ಲಿ ಜಪಾನಿನ ಯಮಗುಚಿಯಲ್ಲಿ ಮೇಳ ನಡೆದಾಗ ಮಕ್ಕಳನ್ನು ಹಿರೋಶಿಮಾಕ್ಕೆ ಕರೆದೊಯ್ದರು. ಅಣುಬಾಂಬು ಬಿದ್ದು ಸರಿಯಾಗಿ ಎಪ್ಪತ್ತು ವರ್ಷವಾಗಿತ್ತು.

2023ರಲ್ಲಿ ದಕ್ಷಿಣ ಕೊರಿಯದ ಸೇಮಂಗುಮ್‌ನಲ್ಲಿ ನಡೆದ 25ನೆಯ ಜಾಂಬೂರಿ ಮಾತ್ರ ಬೇರೆಯೇ ಕಾರಣಕ್ಕೆ ಸುದ್ದಿಯಾಯಿತು. ಸಮುದ್ರವನ್ನು ಹಿಂದೆ ಸರಿಸಿ ಮಾಡಿದ ಆ ಬಯಲಿನಲ್ಲಿ ನೆರಳಿಗೊಂದು ಮರವಿಲ್ಲ, ನೀರು ಇಂಗುವುದಿಲ್ಲ. ಸುಮಾರು 43,000 ಮಂದಿ ಬಂದಿಳಿದಾಗ ಬಿಸಿಲ ಝಳ ಏರಿತು. ನೂರಾರು ಮಕ್ಕಳು ಬಳಲಿ ಚಿಕಿತ್ಸೆ ಪಡೆಯಬೇಕಾಯಿತು. ಶೌಚಾಲಯ, ಊಟದ ಬಗ್ಗೆಯೂ ದೂರುಗಳೆದ್ದವು. ಬ್ರಿಟನ್, ಅಮೆರಿಕ, ಸಿಂಗಪುರ ತಂಡಗಳು ನಡುವೆಯೇ ಶಿಬಿರ ಬಿಟ್ಟವು. ಅದರ ಮೇಲೆ ಚಂಡಮಾರುತದ ಮುನ್ಸೂಚನೆ! ಆಗಸ್ಟ್ 8ರಂದು ಉಳಿದವರನ್ನೂ ಬಸ್ಸುಗಳಲ್ಲಿ ತೆರವುಗೊಳಿಸಿದರು. ಆಗಸ್ಟ್ 11ರಂದು ಸೋಲ್ ನಗರದ ಕ್ರೀಡಾಂಗಣವೊಂದರಲ್ಲಿ ಪಾಪ್ ಸಂಗೀತದೊಂದಿಗೆ ಮೇಳ ಮುಗಿಯಿತು.

ಇದನ್ನು 1929ರ ಕೆಸರಿಗೆ ಹೋಲಿಸಿ, ಸ್ಕೌಟ್‌ಗಳಾದವರು ಸಹಿಸಬೇಕೆಂದು ಹೇಳಿದವರಿದ್ದರು. ಆ ಮಾತು ಪೂರ್ತಿ ಸರಿಯಲ್ಲ. ಮಳೆ ಯಾರ ತಪ್ಪೂ ಅಲ್ಲ. ನೆರಳಿಲ್ಲದ ಬಯಲನ್ನು ಆರಿಸಿ, ವರ್ಷಗಟ್ಟಲೆ ಸಮಯವಿದ್ದರೂ ಸಜ್ಜುಗೊಳಿಸದೆ ಮಕ್ಕಳನ್ನು ಕರೆಸುವುದು ತಪ್ಪು. ‘ಸದಾ ಸಿದ್ಧ’ ಎಂಬುದು ಸ್ಕೌಟ್‌ಗಳ ಧ್ಯೇಯವಾಕ್ಯ. ಅದು ಹುಡುಗರಿಗೆ ಮಾತ್ರ ಅನ್ವಯವಾಗುವಂಥದ್ದೇನೂ ಅಲ್ಲವಲ್ಲ.

ಗುಂಡು ಹಾರಿದ ಊರಿನಲ್ಲಿ

ಮೊದಲಿನ ಪ್ರಶ್ನೆಗೆ ಬರೋಣ. ಈ ಮೇಳಗಳಿಂದ ಏನಾದರೂ ಆಗಿದೆಯೇ? ಯುದ್ಧಗಳಂತೂ ನಿಂತಿಲ್ಲ. ಆರೋ ಪಾರ್ಕಿನಲ್ಲಿ ಹುಗಿದ ಕೊಡಲಿ ಹೊರಬಂತು. ಮ್ವಾಸೋದಿಂದ ಮರಳಿದ ಹುಡುಗರ ಎರಡು ದೇಶಗಳು ಆ ವರ್ಷವೇ ಕಾಶ್ಮೀರದಲ್ಲಿ ಕಾದಾಡಿದವು. ಡೇರೆಯೊಂದು ಸೈನ್ಯವನ್ನು ತಡೆಯಲಾರದು. ಅಷ್ಟನ್ನು ಅದರಿಂದ ನಿರೀಕ್ಷಿಸುವುದೂ ಹೆಚ್ಚಾಯಿತು.

ಆದರೆ ಪ್ರತಿ ಯುದ್ಧದ ನಂತರ ಮತ್ತೆ ಮಾತು ಶುರುವಾಗಬೇಕಾದಾಗ, ಆ ಕಡೆಯವರಲ್ಲಿ ಒಬ್ಬನನ್ನಾದರೂ ಕಂಡವರು, ಅವನ ಕೈಯ ಅಡುಗೆ ಉಂಡವರು ಈ ಕಡೆ ಇರಬೇಕಾಗುತ್ತದೆ. 1951ರಲ್ಲಿ ಜರ್ಮನ್ ಹುಡುಗರಿಗೆ ಜಾಗ ಬಿಟ್ಟುಕೊಟ್ಟವರಲ್ಲಿ ಅಂಥವರಿದ್ದರು. ಜಾಂಬೂರಿ ಕೊಡುವುದು ಶಾಂತಿಯನ್ನಲ್ಲ, ಪರಿಚಯವನ್ನು. ಅದು ಸಣ್ಣದು. ಆದರೆ ಅದಿಲ್ಲದೆ ದೊಡ್ಡದು ಶುರುವಾಗುವುದಿಲ್ಲ.

26ನೆಯ ಜಾಂಬೂರಿ 2027ಕ್ಕೆ ಪೋಲೆಂಡಿನ ಗ್ಡಾನ್ಸ್ಕ್‌ಗೆ ನಿಗದಿಯಾಗಿದೆ. ಎರಡನೇ ಮಹಾಯುದ್ಧ ಆರಂಭವಾದದ್ದು ಇದೇ ನಗರದಲ್ಲಿ. 1939ರ ಸೆಪ್ಟೆಂಬರ್ 1ರ ಬೆಳಗಿನ ಜಾವ ಜರ್ಮನ್ ಯುದ್ಧನೌಕೆ ಇಲ್ಲಿನ ವೆಸ್ಟರ್‌ಪ್ಲಾಟೆ ಮೇಲೆ ಗುಂಡಿನ ಮಳೆಗರೆದಿತ್ತು. ಆ ಯುದ್ಧದಲ್ಲಿ ಪೋಲೆಂಡಿನ ಸ್ಕೌಟ್‌ಗಳು ಭೂಗತರಾಗಿ ಹೋರಾಡಿದರು. 1944ರ ವಾರ್ಸಾ ದಂಗೆಯಲ್ಲಿ ಗುಂಡುಗಳ ನಡುವೆ, ನೆಲದಡಿಯ ಚರಂಡಿಗಳಲ್ಲೂ ನುಸುಳಿ, ಬೇರೆಬೇರೆ ಬಡಾವಣೆಗಳಲ್ಲಿ ಸಿಕ್ಕಿಬಿದ್ದ ಜನರ ಕಾಗದಗಳನ್ನು ಒಬ್ಬರಿಂದೊಬ್ಬರಿಗೆ ತಲುಪಿಸಿದವರು ಸ್ಕೌಟ್ ಮಕ್ಕಳು. ಬದುಕಿದ್ದೇವೆ ಎಂಬ ಎರಡು ಸಾಲಿಗಾಗಿ ಜೀವ ಪಣಕ್ಕಿಟ್ಟರು.

ಆ ಅಂಚೆಯ ಹುಡುಗರ ನಾಡಿನಲ್ಲಿ, ಮೊದಲ ಗುಂಡು ಹಾರಿದ ಊರಿನ ಪಕ್ಕದ ದ್ವೀಪದಲ್ಲಿ, ಲೋಕದ ಮಕ್ಕಳು ಟವೆಲ್ ಹಾಸಿ ಬ್ಯಾಡ್ಜು ಹರಡಿಕೊಂಡು ಕೂರಲಿದ್ದಾರೆ. ಮಳೆ ಬರಲೂಬಹುದು. ಡೇರೆಯ ಹಗ್ಗ ಬಿಗಿಯಾಗಿದ್ದರೆ ಸರಿ.